ಹೊಂಗೆ ಮರದಲ್ಲಿ ಸಿಕ್ಕಿದ ದಾರ

ಅಕ್ಕಂದಿರೇ, ತಂಗೇರೇ, ಹೋದ ಸಲ ಹುಣಸೆಹಣ್ಣು ವರ್ಷಕ್ಕಾಗೋ ಹಂಗೆ ಕಟ್ಟಿಡೋದು ಹೆಂಗೆ ಅಂತ ಬರ್ದಿದ್ದೆ. ಈ ಸಲ ಗಾಳದ ದಾರದ ಮೇಲೆ ಬರೀತಾ ಇದೀನಿ. ನಗಬೇಡಿ. ನಾನು ಹುಟ್ಟಿದ ಮೇಲೆ ಒಂದು ದಿನ ಗಾಳ ಹಾಕ್ದೋಳಲ್ಲ. ಆದ್ರೂ ಎರಡು ತಿಂಗಳಿಂದ ಈ ದಾರದ ವಿಚಾರ ನನ್ನ ತಲೆಯಿಂದ ಹೋಗಿಲ್ಲ. ಯಾಕೆ ಅಂತ ಮೊದಲೇ ಹೇಳಿಬಿಡ್ತೀನಿ.

ಅಲ್ಲಾಳಸಂದ್ರ ಕೆರೆ ಮೇಲೆ ಬೆಳಗ್ಗೆ ವಾಕಿಂಗ್ ಹೋಗೋರಿಗೆ ಗೊತ್ತು, ದಂಡೆ ಪಕ್ಕ ಒಂದು ಬಗ್ಗಿದ ಹೊಂಗೆ ಮರ ಐತೆ. ಒಂದಿನ ಅದರ ಕೊಂಬೆಯಲ್ಲಿ ಬೆಳ್ಳಕ್ಕಿ ಒಂದು ತಲೆಕೆಳಗಾಗಿ ನೇತಾಡ್ತಿತ್ತು. ಕಾಲಿಗೂ ರೆಕ್ಕೆಗೂ ಕಣ್ಣಿಗೆ ಕಾಣದಂಥ ದಾರ ಸುತ್ಕೊಂಡಿತ್ತು. ಸತ್ತು ಒಂದೆರಡು ದಿನ ಆಗಿತ್ತೋ ಏನೋ. ತೋಟದ ಕೆಲಸದೋರು ದೋಟಿಯಿಂದ ಇಳಿಸಿದ್ರು. ಹತ್ತಿರ ಹೋಗಿ ನೋಡಿದೆ. ಆ ದಾರದ ಮೇಲೆ ಒಂದು ಕಡೆ ಪುಟ್ಟದಾಗಿ ಕೆಂಪು ನೂಲಿನ ಗಂಟು. ನನ್ನ ಹೊಲಿಗೆ ಡಬ್ಬಿದು, ರವಿಕೆ ಹೊಲಿಯೋಕೆ ತಂದಿದ್ದ ದಾರ.

ನನ್ನ ತಂಗಿ ಮಗ ಕಾಲೇಜಿಗೆ ಅಂತ ನಮ್ಮನೇಲೇ ಇದ್ದಾನೆ. ಪರೀಕ್ಷೆ ಮುಗಿದ ಮೇಲೆ ಸಾವಿರದ ಚಿಲ್ಲರೆ ಕೊಟ್ಟು ಒಂದು ಸ್ಪಿನ್ನಿಂಗ್ ರಾಡು ರೀಲು ತರಿಸ್ಕೊಂಡಿದ್ದ. ಬೆಂಡು ಎಷ್ಟು ಆಳಕ್ಕೆ ನಿಲ್ಲಬೇಕೋ ಅಲ್ಲಿ ಒಂದು ತಡೆಗಂಟು ಹಾಕಬೇಕಂತೆ, "ದೊಡ್ಡಮ್ಮ, ಒಂದು ಗೇಣು ದಾರ ಕೊಡು" ಅಂತ ಇಸ್ಕೊಂಡು ಹೋಗಿದ್ದ. ಸಾಯಂಕಾಲ ಬಂದು, ದಾರ ಮರಕ್ಕೆ ಸಿಕ್ಕಾಕ್ಕೊಂತು, ಕತ್ತರಿಸಿ ಬಂದೆ ಅಂದ. ನಾನೂ "ಹೋಗ್ಲಿ ಬಿಡು, ಮರ ಹತ್ತಿಲ್ವಲ್ಲ" ಅಂದಿದ್ದೆ. ಅಷ್ಟೇ ನಡೆದದ್ದು. ಆ ಗಂಟು ನೋಡಿದ ಮೇಲೆ ಮನೆಗೆ ಬಂದು ಕಾಫಿ ಇಳೀಲಿಲ್ಲ.

ಅವನ್ನ ಬೈದೆ, ನನ್ನನ್ನೂ ಬೈಕೊಂಡೆ. ಆಮೇಲೆ ಒಂದು ಪ್ರಶ್ನೆ ಹುಟ್ಟಿತು. ನಮ್ಮಜ್ಜನೂ ಗಾಳ ಹಾಕ್ತಿದ್ದ. ಅವನ ದಾರವೂ ಮುಳ್ಳಿಗೆ, ಬೇರಿಗೆ ಸಿಕ್ಕಿ ಎಷ್ಟೋ ಸಲ ಕಿತ್ತು ಹೋಗ್ತಿತ್ತು. ಆಗ ಹಕ್ಕಿ ನೇತಾಡಿದ್ದು ನಾನು ಕಂಡಿಲ್ಲ, ಕೇಳಿಲ್ಲ. ಮಧ್ಯೆ ಏನು ಬದಲಾಯ್ತು? ಹುಡುಗನ್ನೇ ಪಕ್ಕ ಕೂರಿಸ್ಕೊಂಡು ಓದಿಸಿದೆ, ನಾನೂ ಓದಿದೆ. ಗೊತ್ತಾಗಿದ್ದು ನಿಮಗೂ ಹೇಳ್ತೀನಿ. ಯಾಕಂದ್ರೆ ಈ ಕತೆಯಲ್ಲಿ ನೂಲು, ರೇಷ್ಮೆ, ಸೀರೆ, ಲಾಳಿ ಎಲ್ಲಾ ಬರ್ತವೆ, ಎಲ್ಲಾ ನಮ್ಮ ಕೈಯಲ್ಲಿ ಓಡಾಡಿದ ಸಾಮಾನೇ.

ಮೊದಲು ನಮ್ಮೂರ ಹೆಸರು. ಅಲ್ಲಾಳಸಂದ್ರದ 'ಸಂದ್ರ' ಅಂದ್ರೆ ಸಮುದ್ರ. ನಮ್ಮ ಬಯಲುಸೀಮೆಯೋರಿಗೆ ಸಮುದ್ರ ಎಲ್ಲಿಂದ ಬರಬೇಕು? ಕೆರೆನೇ ಸಮುದ್ರ. ಸಿಂಗಸಂದ್ರ, ಬೊಮ್ಮಸಂದ್ರ, ಎಲ್ಲಾ ಹಿಂಗೇ ಹುಟ್ಟಿದ ಹೆಸರು. ಯಲಹಂಕ ನಾಡಪ್ರಭುಗಳ ಸೀಮೆ ಇದು. ದೊಡ್ಡ ಹೊಳೆ ಇಲ್ಲದ ಕಡೆ ಮಳೆ ನೀರನ್ನ ಕಟ್ಟಿ ಕಟ್ಟಿ ಬದುಕಿದ ಜನ. ನೀರಿದ್ದ ಕಡೆ ಮೀನು, ಮೀನಿದ್ದ ಕಡೆ ಗಾಳ.

ಗಾಳದ ಹಳೇ ದಾಖಲೆ ನಮ್ಮ ನಾಡಲ್ಲೇ ಐತೆ ಅಂತ ನನಗೆ ಗೊತ್ತಿರಲಿಲ್ಲ. ಕಲ್ಯಾಣದ ಚಾಲುಕ್ಯರ ರಾಜ ಮೂರನೇ ಸೋಮೇಶ್ವರ, ಅಂದ್ರೆ ಈಗಿನ ಬಸವಕಲ್ಯಾಣದಲ್ಲಿ ಆಳಿದೋನು, 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅಂತ ಪುಸ್ತಕ ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯದ ಐದು ಭಾಗ, ಒಟ್ಟು ನೂರು. ರಾಜ್ಯ ಆಳೋದು, ಆನೆ ಸಾಕೋದು, ಆಭರಣ, ಸಂಗೀತ, ಅಡಿಗೆ, ಎಲ್ಲಾ ಐತೆ. ನಮ್ಮ ಇಡ್ಲಿ ದೋಸೆಗಳ ಮುತ್ತಜ್ಜಿಯರಂಥ ತಿಂಡಿಗಳ ಹೆಸರು ಬರೋದೂ ಇದರಲ್ಲೇ. ಅದೇ ಪುಸ್ತಕದಲ್ಲಿ 'ಮತ್ಸ್ಯವಿನೋದ' ಅಂತ ಒಂದು ಅಧ್ಯಾಯ. ಯಾವ ಮೀನು ಯಾವ ನೀರಲ್ಲಿ ಇರ್ತದೆ, ಅದಕ್ಕೆ ಏನು ತಿನ್ನಿಸಿ ಹತ್ತಿರ ಕರೀಬೇಕು, ಗಾಳ ಹಾಕಿ ಹೆಂಗೆ ಎಳೀಬೇಕು ಅಂತ. ಒಂಬೈನೂರು ವರ್ಷದ ಹಿಂದೆ ಒಬ್ಬ ಕನ್ನಡ ನಾಡಿನ ರಾಜ ಗಾಳ ಹಿಡ್ಕೊಂಡು ಕೂತಿದ್ದ ಅಂದ್ರೆ, ನಮ್ಮ ಹುಡುಗ ಕೂತಿದ್ದು ಏನು ದೊಡ್ಡ ತಪ್ಪಲ್ಲ ಬಿಡಿ.

ಆ ಕಾಲದಿಂದ ನಮ್ಮಜ್ಜನ ಕಾಲದ ತನಕ ದಾರ ಅಂದ್ರೆ ಹೊಲದಲ್ಲಿ, ಮರದಲ್ಲಿ, ಹುಳದಲ್ಲಿ ಹುಟ್ಟಿದ್ದೇ. ಹತ್ತಿ ನೂಲು, ಸೆಣಬು, ಕತ್ತಾಳೆ ನಾರು, ರೇಷ್ಮೆ. ಇಂಗ್ಲೆಂಡಿನ ಕಡೆ ಕುದುರೆ ಬಾಲದ ಕೂದಲನ್ನ ಹೊಸೆದು ದಾರ ಮಾಡ್ತಿದ್ರು. 1653ರಲ್ಲಿ ಐಸಾಕ್ ವಾಲ್ಟನ್ ಅನ್ನೋರು ಗಾಳದ ಮೇಲೆ ಬರೆದ ಹೆಸರುವಾಸಿ ಪುಸ್ತಕದಲ್ಲಿ ಇರೋದು ಅದೇ ಕೂದಲ ದಾರ. ಜಡೆ ಹೆಣೆಯೋ ಕೆಲಸ ಗಂಡಸರೂ ಕಲ್ತಿದ್ರು ಅನ್ನಿ.

ನಮ್ಮ ತವರು ಹೆಸರಘಟ್ಟದ ಕಡೆ. ಅರ್ಕಾವತಿಗೆ ಅಡ್ಡವಾಗಿ 1894ರಲ್ಲಿ ಕಟ್ಟಿದ ಕೆರೆ ಅದು, ಬೆಂಗಳೂರಿಗೆ ನಲ್ಲಿ ನೀರು ಕೊಟ್ಟ ಕೆರೆ. ನಮ್ಮಜ್ಜ ಬಿದಿರು ಗಳ, ಬೆಂಡು, ಎರೆಹುಳ ಹಿಡ್ಕೊಂಡು ಅಲ್ಲಿಗೆ ಹೋಗ್ತಿದ್ದ. ದಾರದ ಕೆಲಸ ಮಾತ್ರ ಅಜ್ಜಿದು. ಮೂರೆಳೆ ಹತ್ತಿ ನೂಲನ್ನ ತೊಡೆ ಮೇಲೆ ಹೊಸೆದು ಹುರಿ ಮಾಡ್ತಿದ್ಲು. ಆಮೇಲೆ ತಂಗಡಿ ತೊಗಟೆ ಹಾಕಿ ಕುದಿಸಿದ ನೀರಲ್ಲಿ ಒಂದು ರಾತ್ರಿ ನೆನೆಸಿಡ್ತಿದ್ಲು. ಚರ್ಮ ಹದ ಮಾಡೋಕೆ ಹಾಕೋ ತೊಗಟೆನೇ ಅದು. ಅದರ ಒಗರು ಹಿಡಿದ್ರೆ ದಾರ ಬೇಗ ಕೊಳೆಯಲ್ಲ. ಕಡಲ ಕಡೆ ಮೀನುಗಾರರೂ ಹತ್ತಿ ಬಲೆಗಳನ್ನ ಹಿಂಗೇ ತೊಗಟೆ ನೀರಲ್ಲಿ ಅದ್ದಿ ಅದ್ದಿ ಉಳಿಸ್ಕೊಳ್ತಿದ್ರು. ಅಜ್ಜ ಮನೆಗೆ ಬಂದ ಕೂಡ್ಲೆ ಮೀನಿಗಿಂತ ಮೊದಲು ದಾರ ನೋಡ್ತಿದ್ಲು ಅಜ್ಜಿ. ಬಟ್ಟೆ ಒಣಗಿಸೋ ಹಗ್ಗದ ಮೇಲೆ ಉದ್ದಕ್ಕೂ ಹರಡಿ ಒಣಗಿಸಬೇಕು. ಒದ್ದೆ ಸುತ್ತಿಟ್ರೆ ಮೂರೇ ದಿನಕ್ಕೆ ಬೂಷ್ಟು ಬಂದು ಪಟ್ಟಂತ ಹರೀತಿತ್ತು. ಎಷ್ಟು ಜೋಪಾನ ಮಾಡಿದ್ರೂ ಒಂದು ಮಳೆಗಾಲ ದಾಟಿದ್ರೆ ಹೆಚ್ಚು. "ಈ ಹಾಳು ದಾರ ಕೊಳೀದೆ ಇದ್ದಿದ್ರೆ" ಅಂತ ಅಜ್ಜಿ ಗೊಣಗ್ತಿದ್ದದ್ದು ಈಗಲೂ ಕಿವೀಲೈತೆ. ಆ ಮಾತು ನೆನಪಿಟ್ಕೊಳ್ಳಿ, ಮುಂದೆ ಬರ್ತದೆ.

ಹತ್ತಿ ದಾರಕ್ಕೆ ಇನ್ನೊಂದು ಕುಂದು ಇತ್ತು. ದಪ್ಪ, ನೀರಲ್ಲಿ ಮೀನಿಗೆ ಕಾಣ್ತದೆ. ಅದಕ್ಕೆ ಕೊಕ್ಕೆ ಹತ್ತಿರ ಮಾತ್ರ ಕಾಣದಂಥ ಒಂದು ತುಂಡು ಬೇಕು. ಅದನ್ನ ಎಲ್ಲಿಂದ ತರ್ತಿದ್ರು ಗೊತ್ತಾ? ರೇಷ್ಮೆ ಹುಳದ ಹೊಟ್ಟೆಯಿಂದ! ಶಿಡ್ಲಘಟ್ಟ, ವಿಜಯಪುರ, ದೇವನಹಳ್ಳಿ ಕಡೆಯಿಂದ ಬಂದ ಸೊಸೆಯರಿಗೆ ಹುಳ ಸಾಕೋದು ಹೇಳಿಕೊಡಬೇಕಿಲ್ಲ. ನಾಲ್ಕನೇ ಜ್ವರ ಎದ್ದು, ಗಬಗಬ ಸೊಪ್ಪು ತಿಂದು, ಹಣ್ಣಾಗಿ ಮೈ ಹಳದಿ ತಿರುಗಿದಾಗ ಹುಳನ ಆರಿಸಿ ಚಂದ್ರಿಕೆಗೆ ಬಿಡ್ತೀವಲ್ಲ, ಸರಿಯಾಗಿ ಆ ಹೊತ್ತಿಗೆ ಹುಳದೊಳಗೆ ಎರಡು ರೇಷ್ಮೆ ಚೀಲ ತುಂಬಿರ್ತವೆ. ಸ್ಪೇನ್ ದೇಶದ ಮುರ್ಸಿಯಾ ಅನ್ನೋ ಕಡೆ ಆ ಹಣ್ಣು ಹುಳಗಳನ್ನ ಹುಳಿ ನೀರಲ್ಲಿ, ಅಂದ್ರೆ ವಿನೆಗರಿನಲ್ಲಿ ನೆನೆಸಿ, ಸೀಳಿ, ಆ ಚೀಲವನ್ನ ಎರಡೂ ಕೈಯಲ್ಲಿ ಹಿಡಿದು ಎಳೀತಿದ್ರು. ಗಾಳಿಗೆ ಗಟ್ಟಿಯಾಗಿ ತಂತಿಯಂಥ ಎಳೆ ಆಗ್ತಿತ್ತು. ಗೂಡು ಕಟ್ಟೋಕೆ ಬಿಟ್ಟಿದ್ರೆ ಅದೇ ಹುಳ ಹತ್ತತ್ರ ಒಂದು ಕಿಲೋಮೀಟರ್ ನೂಲು ಕೊಡ್ತಿತ್ತು. ಹಿಂಗೆ ಎಳೆದ್ರೆ ಸಿಗೋದು ಒಂದು, ಒಂದೂವರೆ ಅಡಿ. ಆದ್ರೆ ಗಟ್ಟಿ, ನೀರಲ್ಲಿ ಕಾಣದು. ಒಣಗಿದ್ದಾಗ ಕಡ್ಡಿ ಹಂಗೆ ಮುರಿಯೋದರಿಂದ ಗಾಳ ಹಾಕೋ ಮುಂಚೆ ನೆನೆಸ್ಕೋಬೇಕಿತ್ತು. ದೊಡ್ಡ ದೊಡ್ಡ ಸಾಹೇಬರು ಹಿಡಿದ ಎಷ್ಟೋ ಮೀನಿನ ಹಿಂದೆ ಇದ್ದದ್ದು ಈ ಹುಳದ ಕರುಳಿನಂಥ ಎಳೆ.

ಸಾಹೇಬರು ಅಂದೆನಲ್ಲ, ಅದೂ ನಮ್ಮ ನಾಡಿನ ಕತೆನೇ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಅನ್ನೋರು ಹಿಂದೂಸ್ಥಾನದಲ್ಲಿ ಗಾಳ ಹಾಕೋದರ ಬಗ್ಗೆ ಬರೆದ ದೊಡ್ಡ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯ್ತು. ಅವರಿಗೆಲ್ಲ ಕಣ್ಣಿದ್ದದ್ದು ಮಹಶೀರ್ ಮೀನಿನ ಮೇಲೆ. ಕಾವೇರಿ ಕಡೆ ಬಿಳಿಮೀನು ಅಂತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದೋರು, ಹುಲಿ ಚಿರತೆ ಚರ್ಮ ತುಂಬಿ ನಿಲ್ಲಿಸ್ತಿದ್ದೋರು, ಅವರಲ್ಲಿ ಒಬ್ಬರು ಕಬಿನಿ ಹೊಳೆಯಲ್ಲಿ 120 ಪೌಂಡ್ ತೂಗೋ ಮಹಶೀರ್ ಹಿಡಿದ್ರು. 54 ಕೆಜಿ. ನನ್ನಷ್ಟೇ ತೂಕ ಅಂತ ಹೇಳೋಣ ಅನ್ಕೊಂಡೆ, ನಿಮಗೆಲ್ಲ ನಿಜ ಗೊತ್ತಲ್ಲ, ಬಿಟ್ಟೆ. ಆ ಡುಬ್ಬದ ಮಹಶೀರ್ ಇವತ್ತು ಅಳಿವಿನ ಅಂಚಿಗೆ ಬಂದು ನಿಂತೈತೆ. ಅದಕ್ಕೊಂದು ಸರಿಯಾದ ವೈಜ್ಞಾನಿಕ ಹೆಸರು ಗೊತ್ತುಮಾಡಿದ್ದೇ 2018ರಲ್ಲಿ. ಅದೇ ವರ್ಷ ಅದನ್ನ ತೀರಾ ಅಪಾಯದಲ್ಲಿರೋ ಜೀವಿಗಳ ಪಟ್ಟಿಗೆ ಸೇರಿಸಿದ್ರು. ಹೆಸರು ಇಡೋದಕ್ಕೂ ಉಳೀತದೋ ಇಲ್ವೋ ಅನ್ನೋದಕ್ಕೂ ಒಂದೇ ವರ್ಷ.

ಈಗ ನಡುಮನೆಗೆ ಬರೋಣ, ನೈಲಾನ್. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರದರ್ಸ್ ಅನ್ನೋ ವಿಜ್ಞಾನಿಯ ತಂಡ 1935ರಲ್ಲಿ ಇದನ್ನ ಕಂಡುಹಿಡೀತು. 1938ರಲ್ಲಿ ಲೋಕಕ್ಕೆ ಹೇಳಿದ್ರು. ಪಾಪ, ಕ್ಯಾರದರ್ಸ್ ಅದರ ಹಿಂದಿನ ವರ್ಷನೇ ತೀರಿಕೊಂಡಿದ್ದ. ಮೊದಲು ಅಂಗಡಿಗೆ ಬಂದದ್ದು ಹಲ್ಲುಜ್ಜೋ ಬ್ರಷ್ಷಿನ ಎಳೆಯಾಗಿ. ಅದಕ್ಕೆ ಮುಂಚೆ ಬ್ರಷ್ಷಿಗೆ ಹಂದಿ ಕೂದಲು! 1940ರ ಮೇ 15ನೇ ತಾರೀಕು ಹೆಂಗಸರ ಕಾಲುಚೀಲ ಅಮೆರಿಕದ ಅಂಗಡಿಗಳಿಗೆಲ್ಲ ಬಂತು. ಅಲ್ಲಿ ತನಕ ಆ ಕಾಲುಚೀಲ ಜಪಾನಿನ ರೇಷ್ಮೆದು. ಯುದ್ಧ ಬಂದಾಗ ನೈಲಾನೆಲ್ಲ ಪ್ಯಾರಾಚೂಟಿಗೆ, ಹಗ್ಗಕ್ಕೆ ಹೋಯ್ತು. ಯುದ್ಧ ಮುಗಿದ ಮೇಲೆ ಕಾಲುಚೀಲಕ್ಕೆ ಹೆಂಗಸರು ಬೀದಿಯಲ್ಲಿ ಸಾಲು ನಿಂತು ನೂಕಾಡಿ ಜಗಳ ಆಡಿದ್ರಂತೆ. ಅದೇ ನೈಲಾನನ್ನ ಸಣ್ಣ ತೂತಿನಿಂದ ಒಂದೇ ಗಟ್ಟಿ ಎಳೆಯಾಗಿ ಎಳೆದ್ರೆ ಗಾಳದ ದಾರ. 1958ರಲ್ಲಿ ಅದೇ ಕಂಪನಿ ಮೊದಲಿನ ಬಿರುಸು ದಾರಕ್ಕಿಂತ ಮೆತ್ತಗಿರೋ, ಒಂದೇ ಸಮನಾದ ದಾರ ತಂದ ಮೇಲೆ ಹುಳದ ಎಳೆಯನ್ನ ಕೇಳೋರಿಲ್ಲದಂಗಾಯ್ತು.

1960ರ ದಶಕದಲ್ಲಿ ನಮ್ಮ ದೇಶದಲ್ಲೂ ನೈಲಾನ್ ತಯಾರಾಗೋಕೆ ಶುರುವಾಯ್ತು. ನಮ್ಮಮ್ಮನ ನೈಲಾನ್ ಸೀರೆ ನೆನಪಾಗ್ತದೆ. ಒಗೆದು ಕೊಡವಿದ್ರೆ ಅರ್ಧ ಗಂಟೆಗೆ ಒಣಗ್ತಿತ್ತು, ಇಸ್ತ್ರಿ ಬೇಡ, ಹರಿಯಲ್ಲ. ಒಲೆ ಹತ್ತಿರ ಮಾತ್ರ ಉಡಬಾರದು, ಕಿಡಿ ಬಿದ್ರೆ ಕರಗಿ ಮೈಗೆ ಅಂಟ್ಕೊಳ್ಳೋದು. ಮಣಿ ಸರ ಪೋಣಿಸೋ ತಂಗೂಸಿ ದಾರ ಐತಲ್ಲ, ಅದೂ ಇದೇ. ಅಜ್ಜಿ ಬೇಡಿದ್ದ ವರ ಸಿಕ್ಕೇಬಿಡ್ತು. ಕೊಳೆಯಲ್ಲ, ಕಾಣಲ್ಲ, ತೊಗಟೆ ನೀರು ಬೇಡ, ಬಿಸಿಲಿಗೆ ಹರಡೋದು ಬೇಡ. ಮೀನುಗಾರರ ಮನೆ ಹೆಂಗಸರಿಗೂ ಬಲೆ ಅದ್ದಿ ಒಣಗಿಸೋ ಕೆಲಸ ತಪ್ಪಿತು. ಅದು ಸಣ್ಣ ಉಪಕಾರ ಅಲ್ಲ.

ರೀಲಿನ ಕತೆ ಇನ್ನೂ ಚೆನ್ನಾಗೈತೆ. ದೊಡ್ಡಬಳ್ಳಾಪುರ ಕಡೆ ಮಗ್ಗದ ಮನೆಯೋರಿಗೆ ಇದು ತಟ್ಟನೆ ಹೊಳೀತದೆ. ದಾರದ ಉಂಡೆಯನ್ನ ಪಕ್ಕದಿಂದ ಎಳೆದ್ರೆ ಉಂಡೆ ತಿರುಗಬೇಕು. ಅದು ತಿರುಗೋಕೆ ಶುರುವಾದ್ರೆ ನಿಲ್ಲಿಸೋದು ಕಷ್ಟ, ದಾರ ಗೋಜಲು. ಹಳೇ ರೀಲುಗಳು ಹಂಗಿದ್ವು. ಲಾಳಿಯೊಳಗಿನ ಕಂಡಿಕೆ ನೋಡಿ, ಅದು ತಿರುಗಲ್ಲ, ನೂಲು ತುದಿಯಿಂದ ಸರಸರ ಜಾರಿ ಬರ್ತದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಉಣ್ಣೆ ಗಿರಣಿ ನಡೆಸ್ತಿದ್ದ ಇಲ್ಲಿಂಗ್‌ವರ್ತ್ ಅನ್ನೋನು ಗಿರಣಿಯ ಕಂಡಿಕೆ ನೋಡಿ ನೋಡಿಯೇ ಈ ಉಪಾಯ ಹೊಳೆಯಿಸ್ಕೊಂಡ ಅಂತಾರೆ. 1905ರಲ್ಲಿ ಪೇಟೆಂಟ್ ತಗೊಂಡ. ಇವತ್ತು ಹುಡುಗರ ಕೈಯಲ್ಲಿರೋ ಸ್ಪಿನ್ನಿಂಗ್ ರೀಲೆಲ್ಲ ಅದರ ಮೊಮ್ಮಕ್ಕಳು. ಹಗುರ ಗಾಳನೂ ದೂರ ಹೋಗ್ತದೆ, ಹೊಸಬನೂ ಎಸೀಬಹುದು. ಒಂದೇ ತೊಂದರೆ. ತುದಿಯಿಂದ ಜಾರೋ ದಾರಕ್ಕೆ ಪ್ರತಿ ಸುತ್ತಿಗೂ ಒಂದು ಹುರಿ ಬೀಳ್ತದೆ. ವಾಪಸ್ ಸುತ್ತಿದಾಗ ಅದು ಬಿಚ್ಚಬೇಕು. ಸರಿಯಾಗಿ ಬಿಚ್ಚದಿದ್ರೆ ದಾರ ತನ್ನ ಮೇಲೆ ತಾನೇ ಮುರ್ಕೊಂಡು ಗಂಟಾಗ್ತದೆ. ಹುಡುಗರು ಕತ್ತರಿಸಿ ಎಸೆಯೋ ದಾರದಲ್ಲಿ ಹೆಚ್ಚಿನ ಪಾಲು ಈ ಗಂಟೇ.

ಇಲ್ಲಿಗೆ ಕಡಿಮೆ ದುಡ್ಡಿನ ರಾಡಿಗೆ ಯಾವ ದಾರ ಅನ್ನೋ ಮಾತು. ನಮ್ಮ ಹುಡುಗನ ರೀಲಿನ ಜೊತೆ ಬಿಟ್ಟಿ ಬಂದಿದ್ದ ದಾರನ ನಾನೇ ಮುಟ್ಟಿ ನೋಡಿದೆ. ದಪ್ಪ, ಬಿರುಸು, ಬಿಟ್ರೆ ಜಿಲೇಬಿ ಸುತ್ತಿದಂಗೆ ಸುರುಳಿ ಸುರುಳಿ ಎದ್ದು ನಿಲ್ತದೆ. ಡಬ್ಬಿಯಲ್ಲಿ ಎಷ್ಟು ಕಾಲ ಕೂತಿತ್ತೋ. ಗಟ್ಟಿ ಇರಲಿ ಅಂತ ದಪ್ಪ ದಾರ ಹಾಕೋದೇ ಮೊದಲ ತಪ್ಪು. ಚಿಕ್ಕ ರೀಲಿನ ಮೇಲೆ ದಪ್ಪ ದಾರ ಕೂರಲ್ಲ, ಸ್ಪ್ರಿಂಗ್ ಹಂಗೆ ಹಾರ್ತದೆ, ಗೋಜಲಾಗ್ತದೆ. ಗೋಜಲಾದದ್ದು ಕತ್ತರಿಗೆ ಹೋಗ್ತದೆ, ಕತ್ತರಿಸಿದ್ದು ಮರಕ್ಕೆ.

ಈಗ ಅಂಗಡೀಲಿ ಮೂರು ಜಾತಿ ಸಿಗ್ತವೆ. ಒಂದು, ಈ ನೈಲಾನ್. ಎರಡು, ಹೆಣೆದ ದಾರ. ಹಾಲಿನ ಕವರ್ ಮಾಡೋ ಪಾಲಿಥೀನ್ ಜಾತಿಯದನ್ನೇ ಬೇರೆ ರೀತಿ ಎಳೆದು, ಜಡೆ ಹಂಗೆ ಹೆಣೆದಿರ್ತಾರೆ. ಹಾಲೆಂಡಿನ ಕಂಪನಿಯೋರು ಕಂಡುಹಿಡಿದದ್ದು, ಗುಂಡು ತಡೆಯೋ ಅಂಗಿಗೂ ಹಾಕ್ತಾರೆ. 1990ರ ದಶಕದಲ್ಲಿ ಗಾಳಕ್ಕೆ ಬಂತು. ಎಳೆ ತೆಳು, ಬಲ ಜಾಸ್ತಿ, ಹಿಗ್ಗೋದೇ ಇಲ್ಲ. ಮೂರು, ಫ್ಲೋರೋಕಾರ್ಬನ್. ನಾನ್‌ಸ್ಟಿಕ್ ತವಾ ಲೇಪನದ ದಾಯಾದಿ ಅನ್ನಿ. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ತಂದದ್ದು. ನೀರಲ್ಲಿ ಮುಳುಗ್ತದೆ, ನೈಲಾನಿಗಿಂತ ಕಮ್ಮಿ ಕಾಣ್ತದೆ, ಆದ್ರೆ ಬಿರುಸು.

ಹೆಣೆದ ದಾರ ದುಬಾರಿ. ಅಗ್ಗದ ರೀಲಿನ ನುಣುಪು ಉರುಳೆ ಮೇಲೆ ಅದು ಜಾರ್ತದೆ, ಅಡಿಗೆ ಒಂದಿಷ್ಟು ನೈಲಾನ್ ಸುತ್ತಬೇಕು. ಬರಿಗೈಲಿ ಎಳೆದ್ರೆ ಬೆರಳು ಸೀಳ್ತದೆ, ಗೋಜಲಾದ್ರೆ ಸೂಜಿ ಹಿಡಿದು ಬಿಡಿಸಬೇಕು. ಫ್ಲೋರೋಕಾರ್ಬನ್ ಚಿಕ್ಕ ರೀಲಿನ ಮೇಲೆ ಕೂರದು, ಬೇಕಿದ್ರೆ ಕೊಕ್ಕೆ ಹತ್ತಿರ ಒಂದು ಮೊಳ ಕಟ್ಟಬಹುದು, ಹಿಂದೆ ಹುಳದ ಎಳೆ ಕಟ್ತಿದ್ದಂಗೆ. ಹೊಸಬರಿಗೆ, ಕಮ್ಮಿ ದುಡ್ಡಿನ ರಾಡಿಗೆ ನೈಲಾನೇ ಸರಿ. ಅದು ಎಳೆದ್ರೆ ಹಿಗ್ತದೆ, ಹಿಗ್ಗೋದರಿಂದ ಕೈ ತಪ್ಪಿದ್ರೂ ಕಿತ್ಕೊಂಡು ಬರಲ್ಲ. ನಮ್ಮ ಕೆರೆ ಕುಂಟೆಯ ಜಿಲೇಬಿ ಮೀನು, ಗೆಂಡೆ, ರೋಹುಗೆಲ್ಲ 0.25ರಿಂದ 0.30 ಮಿಲಿಮೀಟರ್ ದಪ್ಪ, 8ರಿಂದ 10 ಪೌಂಡ್ ತಡೆಯೋ ದಾರ ಸಾಕು. 8 ಪೌಂಡ್ ಅಂದ್ರೆ 3.6 ಕೆಜಿ, 10 ಅಂದ್ರೆ ನಾಲ್ಕೂವರೆ. ರಾಡಿನ ಬುಡದಲ್ಲಿ ಎಷ್ಟು ಪೌಂಡಿನ ದಾರ ಅಂತ ಬರೆದಿರ್ತದೆ, ಅದನ್ನ ಮೀರಬಾರದು.

ಸುತ್ತೋದರಲ್ಲೂ ಹದ ಐತೆ. ಹೊಸ ದಾರದ ಉಂಡೆಯನ್ನ ಚೀಟಿ ಮೇಲ್ಮುಖವಾಗಿ ನೆಲದ ಮೇಲೆ ಮಲಗಿಸಿ, ಒದ್ದೆ ಬಟ್ಟೆಯಲ್ಲಿ ದಾರ ಹಿಡ್ಕೊಂಡು ಹತ್ತು ಸುತ್ತು ಸುತ್ತಿ ನಿಲ್ಲಿಸಬೇಕು. ಸಡಿಲ ಬಿಟ್ಟಾಗ ದಾರ ಮುರ್ಕೊಂಡ್ರೆ ಉಂಡೆಯನ್ನ ಮಗುಚಿ ಹಾಕಬೇಕು. ಉರುಳೆ ಅಂಚಿಗೆ ಎರಡು ಮೂರು ಮಿಲಿಮೀಟರ್ ಬಿಟ್ಟು ನಿಲ್ಲಿಸಬೇಕು. ತುಂಬಿ ತುಳುಕಿದ್ರೆ ಗೋಜಲು, ಅರ್ಧ ಇದ್ರೆ ದೂರ ಹೋಗಲ್ಲ. ಎಸೆದ ಮೇಲೆ ರೀಲಿನ ತಂತಿಯನ್ನ ಕೈಯಿಂದ ಮುಚ್ಚಬೇಕು, ಹಿಡಿ ತಿರುಗಿಸಿ ಮುಚ್ಚಬಾರದು. ಮೀನು ದಾರ ಎಳ್ಕೊಂಡು ಓಡುವಾಗ ಹಿಡಿ ತಿರುಗಿಸಬಾರದು, ಸುಮ್ಮನೆ ಹುರಿ ಬೀಳ್ತದೆ. ಗಂಟು ಬಿಗಿಯೋ ಮುಂಚೆ ಎಂಜಲು ಮಾಡಬೇಕು. ಒಣ ನೈಲಾನ್ ಬಿಗಿದ್ರೆ ತಿಕ್ಕಿ ಬಿಸಿಯಾಗಿ ಬಲ ಕಳ್ಕೊಳ್ತದೆ. ಸೂಜಿಗೆ ಪೋಣಿಸೋಕೆ ದಾರ ಬಾಯಿಗಿಡೋ ನಮಗೆ ಇದೇನು ಹೊಸದಲ್ಲ. ಬಿಸಿಲಿಗಿಟ್ರೆ ನೈಲಾನ್ ಬಲ ಕುಂದ್ತದೆ. ರಾಡನ್ನ ಬಾಲ್ಕನಿಯಲ್ಲಿಡಬೇಡಿ, ಬೀರು ಪಕ್ಕ ಇಡಿ. ವರ್ಷಕ್ಕೊಂದು ಸಲ ದಾರ ಬದಲಾಯಿಸಿ.

ಬಲ ಕುಂದ್ತದೆ ಅಂದೆ, ಮಾಯ ಆಗ್ತದೆ ಅನ್ನಲಿಲ್ಲ. ಇಲ್ಲೇ ಇರೋದು ಅಜ್ಜಿ ಮಾತಿನ ತಿರುವು. ಅಜ್ಜನ ದಾರ ಮರಕ್ಕೆ ಸಿಕ್ಕಿದ್ರೆ ಒಂದು ಮಳೆಗಾಲಕ್ಕೆ ಕೊಳೆತು ಉದುರ್ತಿತ್ತು. ದಪ್ಪ ಇದ್ದದ್ದರಿಂದ ಹಕ್ಕಿಗೂ ಕಾಣ್ತಿತ್ತು. ಈಗಿನ ನೈಲಾನ್ ದಾರ ನೀರಲ್ಲಿ ಬಿದ್ರೆ ಕರಗಿ ಹೋಗೋಕೆ ಸುಮಾರು 600 ವರ್ಷ ಬೇಕು ಅಂತ ಅಂದಾಜು ಮಾಡಿದಾರೆ. ಕೆಂಪೇಗೌಡರು ಬೆಂಗಳೂರು ಕೋಟೆ ಕಟ್ಟಿಸಿದ್ದು 1537ರಲ್ಲಿ, ಇನ್ನೂ 500 ವರ್ಷ ತುಂಬಿಲ್ಲ. ಅವರ ಕಾಲದಲ್ಲಿ ಯಾರೋ ಒಬ್ಬ ಹುಡುಗ ನೈಲಾನ್ ದಾರ ಎಸೆದಿದ್ರೆ ಇವತ್ತಿಗೂ ಅದು ಕೆರೆಯಲ್ಲಿ ಇರ್ತಿತ್ತು. ಮೀನಿಗೆ ಕಾಣಬಾರದು ಅಂತ ಮಾಡಿದ ದಾರ ಬೆಳ್ಳಕ್ಕಿಗೂ ಕಾಣಲ್ಲ, ನೀರುಕಾಗೆಗೂ ಕಾಣಲ್ಲ. ಸಾವಿರ ವರ್ಷ ಜನ ಏನೇನು ಗುಣ ಬೇಕು ಅಂತ ಬಯಸಿದ್ರೋ ಆ ಗುಣಗಳೇ ಹಕ್ಕಿ ಕೊರಳಿಗೆ ಬಂದ್ವು.

ಗಾಳಿಪಟದ ಮಾಂಜಾನೂ ಇದೇ ಕತೆ. ಹತ್ತಿ ದಾರ ಹೋಗಿ ನೈಲಾನ್ ಮಾಂಜಾ ಬಂದ ಮೇಲೆ ಹಕ್ಕಿ ರೆಕ್ಕೆ, ಸ್ಕೂಟರಿನೋರ ಕುತ್ತಿಗೆ ಕೊಯ್ಯೋಕೆ ಶುರುವಾಯ್ತು. 2017ರಲ್ಲಿ ಹಸಿರು ನ್ಯಾಯಮಂಡಳಿ ದೇಶಕ್ಕೆಲ್ಲ ಅದನ್ನ ನಿಷೇಧಿಸ್ತು. ಗಾಳದ ದಾರಕ್ಕೆ ಅಂಥ ನಿಷೇಧ ಇಲ್ಲ, ಇರಬೇಕು ಅಂತಲೂ ನಾನು ಹೇಳಲ್ಲ. ಅದರಿಂದ ಅನ್ನ ತಿನ್ನೋರು ಎಷ್ಟೋ ಜನ. ಆದ್ರೆ ಆಟಕ್ಕೆ ಹಾಕೋರು ಜವಾಬ್ದಾರಿ ಹೊರಬೇಕು. ಇನ್ನೊಂದು ಮಾತು. ನಮ್ಮ ಕೆರೆಗಳಲ್ಲಿ ಮೀನು ಹಿಡಿಯೋ ಹಕ್ಕು ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆ ತಗೊಂಡೋರದು. ಕೇಳದೆ ಗಾಳ ಹಾಕಬಾರದು. ಯಲಹಂಕದ ಪುಟ್ಟೇನಹಳ್ಳಿ ಕೆರೆಯಂತೂ ಹಕ್ಕಿಗಳಿಗೇ ಅಂತ ಮೀಸಲಿಟ್ಟ ಜಾಗ. ಇದನ್ನೆಲ್ಲ ನಾನು ಹುಡುಗನಿಗೆ ಮೊದಲೇ ಹೇಳಬೇಕಿತ್ತು. ನನಗೇ ಗೊತ್ತಿರಲಿಲ್ಲ.

ಈಗ ನಮ್ಮನೇಲಿ ಮೂರು ಕಟ್ಟಳೆ. ದಂಡೆಯಲ್ಲಿ ಕತ್ತರಿಸಿದ ದಾರ ಒಂದು ಗೇಣಾದ್ರೂ ಜೇಬಲ್ಲಿ ಮನೆಗೆ ಬರಬೇಕು. ಬಂದದ್ದನ್ನ ಕತ್ತರಿಯಿಂದ ಬೆರಳುದ್ದ ಬೆರಳುದ್ದ ತುಂಡು ಮಾಡಿ, ಮುಚ್ಚಳದ ಬಾಟಲಿಗೆ ತುಂಬಿ ಒಣ ಕಸಕ್ಕೆ ಕೊಡಬೇಕು. ಉದ್ದ ದಾರ ಹಂಗೇ ಕೊಟ್ರೆ ಕಸ ಬೇರ್ಪಡಿಸೋ ಹೆಂಗಸರ ಬೆರಳಿಗೆ ಸುತ್ಕೊಳ್ತದೆ, ಅವರೂ ನಮ್ಮಂಥೋರೇ. ಮೂರನೇದು, ಮರಕ್ಕೆ ಸಿಕ್ಕಿದ್ರೆ ಬಿಟ್ಟು ಬರೋ ಹಂಗಿಲ್ಲ. ದೋಟಿ ತರಬೇಕು, ಇಲ್ಲಾ ತೋಟದೋರನ್ನ ಕರೀಬೇಕು. ಕತ್ತಲಾದ್ರೆ ಬೆಳಗ್ಗೆ ಐದಕ್ಕೆ ಎದ್ದು ಹೋಗಬೇಕು.

ಹೋದ ಭಾನುವಾರ ಹುಡುಗ ದುಡ್ಡು ಕೊಟ್ಟು ಮೀನು ಹಿಡಿಯೋ ಖಾಸಗಿ ಕೊಳಕ್ಕೆ ಹೋಗಿದ್ದ. ಸಾಯಂಕಾಲ ಬಂದು ಮೀನು ತೋರಿಸೋಕೆ ಮುಂಚೆ ಜೇಬಿಂದ ಒಂದು ದಾರದ ಮುದ್ದೆ ತೆಗೆದು ನನ್ನ ಮುಂದಿಟ್ಟ. "ಇದರಲ್ಲಿ ಅರ್ಧ ನಂದಲ್ಲ ದೊಡ್ಡಮ್ಮ, ದಂಡೆಯಲ್ಲಿ ಬಿದ್ದಿತ್ತು" ಅಂದ. ಇಬ್ಬರೂ ಕೂತು ಕತ್ತರಿಸಿದ್ವಿ. ತಡೆಗಂಟಿಗೆ ಈಗಲೂ ನನ್ನ ಕೆಂಪು ದಾರನೇ ಕೊಡ್ತೀನಿ. ಎಲ್ಲಿ ಬಿಟ್ಟು ಬಂದ್ರೂ ಅದು ನಮ್ಮನೇದು ಅಂತ ನನಗೆ ಗೊತ್ತಾಗಲಿ.

ನಾಳೆ ವಾಕಿಂಗ್ ಹೋದಾಗ ಒಂದು ಸಲ ಮರಗಳ ಕಡೆ ತಲೆ ಎತ್ತಿ ನೋಡಿ. ಬಿಸಿಲು ಬಿದ್ದಾಗ ಮಾತ್ರ ಮಿಂಚ್ತದೆ ಆ ದಾರ. ಕಂಡ್ರೆ ನನಗೊಂದು ಫೋನ್ ಮಾಡಿ, ದೋಟಿ ನಮ್ಮನೇಲೈತೆ.